ಎಸ್ತೇರ್ ಟೀಚರ ಕಾಟಾ

ಎಸ್ತೇರ್ ಟೀಚರ ಎಡಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ರಾಕೆಟ್ಟಿನ ಕಿಡಿ ತಿಂದಿತ್ತು. ಆ ಬೋಳು ಜಾಗವನ್ನು ಅವರು ಕಾಡಿಗೆ ತೀಡಿ ಮುಚ್ಚಿಕೊಂಡವರಲ್ಲ. ಸಿಟ್ಟು ಬಂದಾಗ ಇದ್ದ ಅರ್ಧವೇ ಮೇಲೇರುತ್ತಿತ್ತು. ಅಷ್ಟಕ್ಕೇ ಇಡೀ ತರಗತಿ ಗಪ್‌ಚುಪ್ಪಾಗುತ್ತಿತ್ತು.

ಅವರ ಮನೆ ಬೀದರಿನಲ್ಲಿ. ಔರಾದದ ಆಚೆ ನಮ್ಮೂರ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಬೀದರಿನ ಆಕಾಶದಲ್ಲಿ ದಿನಾ ವಿಮಾನ ನೋಡಿ ಬೆಳೆದ ಅವರಿಗೆ ರಾಕೆಟ್ಟಿನ ಹುಚ್ಚು. ಆದರೆ ಒಂದನ್ನೂ ಹಾರಿಸಿದವರಲ್ಲ. ಅಳೆಯುವುದಷ್ಟೇ. ತಾವೇ ಮಾಡಿದ ಮೋಟಾರನ್ನು ಬಾಯಿ ಮೇಲಾಗಿ, ಊರ ಸಾಹುಕಾರನ ಅಂಗಡಿಯಿಂದ ತಂದ ಕಾಟಾದ ಮೇಲೆ ಬಿಗಿಯುತ್ತಿದ್ದರು. ಗಡಿಯಾರದಂಥ ಮುಖದ ತೂಕದ ಕಾಟಾ ಅದು. ಎಲ್ಲರನ್ನೂ ಗೋಡೆಯಾಚೆ ಅಟ್ಟಿ ಉರಿಸಿದರೆ ಬೆಂಕಿ ಮೇಲಕ್ಕೆ ನುಗ್ಗುತ್ತಿತ್ತು, ಮೋಟಾರು ಕಾಟಾವನ್ನು ಕೆಳಕ್ಕೆ ಒತ್ತುತ್ತಿತ್ತು. ಮುಳ್ಳು ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರುತ್ತದಲ್ಲ, ಅದಕ್ಕೆಂದು ಅದರ ಮುಂದೊಂದು ಸಡಿಲ ತಂತಿ ಇಟ್ಟಿದ್ದರು. ಮುಳ್ಳು ಹಿಂದಿರುಗಿದರೂ ತಂತಿ ಮುಟ್ಟಿದಲ್ಲೇ ನಿಲ್ಲುತ್ತಿತ್ತು. ಅದನ್ನು ಓದಿ, ಮೋಟಾರಿನ ತೂಕ ಕಳೆದು ಬರೆದಿಡುವ ಕೆಲಸ ನನ್ನದು. ನನ್ನ ಅಕ್ಷರ ಚೆಂದವಂತೆ.

"ಹಾರಿಸಿದ್ರ ಮಂದಿ ಚಪ್ಪಾಳಿ ಹೊಡೀತಾರ್ರಿ ಸರ್. ಎಷ್ಟು ದೂಡ್ತದ ಅಂತ ಯಾರೂ ಕೇಳಂಗಿಲ್ಲ," ಎನ್ನುತ್ತಿದ್ದರು. ಪ್ರತಿ ಸಲವೂ ಮೊದಲು ಶಾಲೆಯ ತೂಕದ ಕಲ್ಲುಗಳನ್ನಿಟ್ಟು, "ಕಾಟಾಕ್ಕ ಈಮಾನ ಅದನೋ ಇಲ್ಲೋ ನೋಡೂಣು," ಎಂದು ಪರೀಕ್ಷೆ. ಮೊದಲ ಸಲವೇ ಇಪ್ಪತ್ತು ಕಿಲೋ ಇಟ್ಟರೆ ಅದು ಹತ್ತೊಂಬತ್ತು ತೋರಿಸಿತು! ಅದೇ ಕಾಟಾದಲ್ಲಿ ಸಾಹುಕಾರ ಊರಿನ ತೊಗರಿ ಕೊಳ್ಳುತ್ತಿದ್ದ. ಮಕ್ಕಳು ಮನೆಮನೆಗೆ ಸುದ್ದಿ ಒಯ್ದರು. ಕಾಟಾ ರಿಪೇರಿಯಾಯಿತು, ಸಾಹುಕಾರನ ಮನಸ್ಸು ಆಗಲಿಲ್ಲ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅರ್ಧ ಊರು ಹೈದರಾಬಾದಿನ ಬಸ್ಸು ಹತ್ತಿತ್ತು. ಸಾಹುಕಾರನ ಕೋಣೆಯ ತುಂಬ ಮಾರಾಟವಾಗದ ಬೀಜ ಉಳಿದಿತ್ತು. ಮೋಡಕ್ಕೆ ಉಪ್ಪಿನ ಪುಡಿ ಹೊಡೆದು ಮಳೆ ಸುರಿಸುವ ರಾಕೆಟ್ಟಿನವನೊಬ್ಬನನ್ನು ಅವನು ಎಲ್ಲಿಂದಲೋ ಕರೆತಂದ. "ಬಿತ್ತ್ರಿ, ಮೂರನೇ ದಿನಕ್ಕ ಮಳಿ," ಎಂದು ಸಾರಿದ. ಟೀಚರು ಒಂದು ರಾಕೆಟ್ಟು ಕೇಳಿದರು. ಹೆಂಗಸಿನ ಹುಚ್ಚು ಎಂದು ನಗುತ್ತ ರಾಕೆಟ್ಟಿನವನು ಕೊಟ್ಟ.

ಅದನ್ನೂ ಕಾಟಾಕ್ಕೆ ಬಿಗಿದು ಉರಿಸಿದರು. ತಂತಿ ನಿಂತಿತು. ತೂಕ ಕಳೆದು ಹದಿನೆಂಟು ಕಿಲೋ, ಅದೂ ಎರಡೇ ಸೆಕೆಂಡು. ನಾನೇ ಬರೆದೆ.

ಮರುದಿನ ಚಾವಡಿಯಲ್ಲಿ ಟೀಚರು ಎದ್ದು ನಿಂತರು. "ಐದು ಕಿಲೋ ರಾಕೆಟ್ ಇದು, ಐನೂರು ಫೂಟ್ ಏರಿದ್ರ ಹೆಚ್ಚು. ಮೋಡ ಮೈಲಿ ಮ್ಯಾಲ ಅವ. ಬೀಜ ಮಣ್ಣಿಗಿ ಹಾಕಬ್ಯಾಡ್ರಿ."

"ಹುಬ್ಬ ಸುಟ್ಕೊಂಡಾಕಿ ಮಳಿ ಶಾಸ್ತ್ರ ಹೇಳ್ತಾಳ!" ಎಂದ ಸಾಹುಕಾರ. ಜನ ನಕ್ಕರು.

ಒಬ್ಬ ಹಿರಿಯರು ಮಾತ್ರ ನನ್ನ ಕಡೆ ತಿರುಗಿದರು. "ಮಾಸ್ತರ, ನೀವೇ ಬರ್ದೀರಂತ. ಖರೆ ಏನ್ರಿ?"

ಚೀಟಿ ನನ್ನ ಜೇಬಿನಲ್ಲೇ ಇತ್ತು. ಸಾಹುಕಾರ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ನಾ ಕನ್ನಡ ಮಾಸ್ತರ್ರೀ. ಅದರಾಗಿಂದು ನನಗ ತಿಳಿಯಂಗಿಲ್ರಿ," ಎಂದುಬಿಟ್ಟೆ.

ಆ ನಾಲಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು. ರಾಕೆಟ್ಟು ಬೇವಿನ ಮರ ದಾಟಿ ಏರಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಅದು ಹೊಲದಾಚೆ ಬಿತ್ತು. ಊರು ಬಿತ್ತಿತು. ಬೀಜ ಇರುವೆ, ಪಾರಿವಾಳಗಳ ಪಾಲಾಯಿತು. ಉಳಿದರ್ಧ ಊರೂ ಬಸ್ಸು ಹತ್ತಿತು. ಆ ಹಿರಿಯರೂ ಮೊಮ್ಮಗಳ ಕೈ ಹಿಡಿದು ಹೋದರು. ಸಾಹುಕಾರ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವನ ಪ್ರಕಾರ ಮಳೆ ತಡೆದದ್ದು ಟೀಚರ ಅಪಶಕುನದ ಮಾತು. ನಾಚಿಕೆಗೆಟ್ಟ ಮಂಡಳಿಯ ಮಂದಿ ಅದನ್ನೂ ನಂಬಿ ಅವರನ್ನು ಶಾಲೆಯಿಂದ ಬಿಡಿಸಿದರು. ನನ್ನ ನೌಕರಿ ಕಾಯಂ ಆಯಿತು.

ಮೂರು ವರ್ಷದ ಮೇಲೆ ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಟೀಚರು ಸಿಕ್ಕರು. ಅದೇ ಕೊನೆಯ ಭೇಟಿ. ಅಲ್ಲಿಯ ಯಾವುದೋ ಶಾಲೆಯಲ್ಲಿ ಕಲಿಸುತ್ತಿದ್ದರು. ಚಹಾ ಕುಡಿಸಿದರು, ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದರು. ಕ್ಷಮೆ ಕೇಳಲು ನಾನು ಬಾಯಿ ತೆರೆದಾಗ ಕೈಯೆತ್ತಿ ತಡೆದರು.

"ಅವತ್ತ ತಂತಿ ಎಷ್ಟಕ್ಕ ನಿಂತಿತ್ರಿ ಸರ್?"

"ಹದಿನೆಂಟ್ರಿ, ಟೀಚರ್."

ಅರ್ಧ ಹುಬ್ಬು ಮೇಲೇರಿತು.

"ಹದಿನೆಂಟು ಅಂಬೋದು ಕನ್ನಡ ಶಬ್ದನೇ ಅದ ಅಲ್ಲೇನ್ರಿ ಸರ್?" ಎಂದು ಚೀಲ ಹೆಗಲಿಗೇರಿಸಿ, ಬೀದರ ಬಸ್ಸು ಹತ್ತಿದರು.