ಉಳಿದುಹೋದ ಚರ್ಮ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಅದು ಮೊದಲು ಗೊತ್ತಾಯಿತು. ಹೊಕ್ಕುಳ ಕೆಳಗೆ, ಚರ್ಮ ಮಡಿಚಿಕೊಂಡಿದ್ದ ಕಡೆ, ಉರಿ. ತೆರಕಣಾಂಬಿ ದಾಟುವಷ್ಟರಲ್ಲಿ ಬನಿಯನ್ ಒದ್ದೆಯಾಗಿತ್ತು. ಬೆವರು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ರಕ್ತ.

ನಾನು ಸೈನ್ಯದಲ್ಲಿ ಹದಿನೇಳು ವರ್ಷ ಡ್ರೈವರ್ ಆಗಿದ್ದವನು. ನಿವೃತ್ತನಾಗಿ ಗುಂಡ್ಲುಪೇಟೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟ ಮೇಲೆ ಕೂತಲ್ಲೇ ಕೂತು ನೂರಾ ಇಪ್ಪತ್ತಾರು ಕಿಲೋ ಆದೆ. ಸಕ್ಕರೆ ಕಾಯಿಲೆಯ ಡಾಕ್ಟರು ಹೆದರಿಸಿದ ನಂತರ ಎರಡು ವರ್ಷ ಹಟ ಹಿಡಿದು ನಡೆದು, ಬಾಯಿ ಕಟ್ಟಿ, ಎಪ್ಪತ್ತೆಂಟಕ್ಕೆ ಇಳಿದೆ. ಕೊಬ್ಬು ಹೋಯಿತು, ಚರ್ಮ ಹೋಗಲಿಲ್ಲ. ಹೊಟ್ಟೆಯದು ತೊಡೆಯ ಮೇಲೆ ಜೋತುಬಿತ್ತು. ಅಂಗಡಿಗೆ ಬಂದವರು ದನಿ ತಗ್ಗಿಸಿ ಕೇಳುತ್ತಿದ್ದರು: "ಏನ್ ಸಾಬ್ರೇ, ಏನಾರ ದೊಡ್ಡ ಕಾಯ್ಲೆನಾ?"

ಮುಲಾಮು, ಪೌಡರ್, ಮಾತ್ರೆ. ಹುಣ್ಣು ಮಾಯುವುದು, ಮತ್ತೆ ಒಡೆಯುವುದು. ಹೆಂಡತಿ ಶಾಹಿನಾ ಬೆಳಿಗ್ಗೆ ಸಂಜೆ ಮಡಿಕೆ ಎತ್ತಿ ಹಿಡಿದು, ಒರೆಸಿ, ಹತ್ತಿಬಟ್ಟೆ ಇಡುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಎಷ್ಟು ತೊಳೆದರೂ ವಾಸನೆ. ಒಂದು ಶುಕ್ರವಾರ ಮಸೀದಿಯಲ್ಲಿ ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತಿದ್ದೆವು.

ಪಕ್ಕದವರು ಒಂಚೂರು ಸರಿದು ನಿಂತರು.

ಅಂದಿನಿಂದ ಮನೆಯಲ್ಲೇ ನಮಾಜು. ಕೂತರೆ ಉರಿ, ನಿಂತರೆ ವಾಸನೆಯ ಅನುಮಾನ. ಗಿರಾಕಿ ಹತ್ತಿರ ಬಂದರೆ ನಾನೇ ಹಿಂದಕ್ಕೆ ಹೋಗುತ್ತಿದ್ದೆ. ಕೊನೆಗೆ, ನನ್ನ ಯೂನಿಟ್ಟಿನಲ್ಲೇ ಇದ್ದ ತೆರಕಣಾಂಬಿಯ ಮಾದಪ್ಪನಿಗೆ ಹೇಳಿದೆ.

"ನಾಚ್ಕಂಡು ಕುಂತ್ರೆ ಉಣ್ಣು ವಾಸಿ ಆಗ್ಬುಟ್ಟದ? ಮಿಲ್ಟ್ರಿ ಕಾರ್ಡ್ ಅದಲ್ಲ, ಪಾಲಿಕ್ಲಿನಿಕ್‌ಗೆ ಓಗನ ನಡಿಲಾ," ಅಂದ.

ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನಲ್ಲಿ ಮೊದಲ ಸಲ ವಾಪಸ್ ಕಳಿಸಿದರು. ಜೋತ ಚರ್ಮ ಕತ್ತರಿಸಿ ತೆಗೆಯುವುದು ಪ್ಲಾಸ್ಟಿಕ್ ಸರ್ಜರಿ, ಚೆಂದಕ್ಕಾದರೆ ಅದು ಮಾಜಿ ಸೈನಿಕರ ಆರೋಗ್ಯ ಸ್ಕೀಮಿನಲ್ಲಿ ಬರುವುದಿಲ್ಲ, ರೋಗಕ್ಕೆ ಅನ್ನುವ ದಾಖಲೆ ಬೇಕು ಎಂದರು. ಚಾಮರಾಜನಗರದ ಚರ್ಮದ ಡಾಕ್ಟರು ಆರು ತಿಂಗಳ ಚೀಟಿಗಳನ್ನು ನೋಡಿ ಪತ್ರ ಬರೆದುಕೊಟ್ಟ ಮೇಲೆ ಮಿಲಿಟರಿ ಆಸ್ಪತ್ರೆಗೆ ರೆಫರಲ್ ಸಿಕ್ಕಿತು.

ಅಲ್ಲಿನ ಸರ್ಜನ್ ಒಬ್ಬ ಮಹಿಳಾ ಕರ್ನಲ್. ಅಂಗಿ ಬಿಚ್ಚಿಸಿ ಮೂರು ಕಡೆಯಿಂದ ಫೋಟೊ ತೆಗೆಸಿದರು. ಹಿಂದಿಯಲ್ಲಿ ಕೇಳಿದರು: "ಗಾಯಕ್ಕೆ ಬಂದಿದ್ದೀರೋ, ಚೆನ್ನಾಗಿ ಕಾಣಬೇಕು ಅಂತಲೋ?"

"ಗಾಯಕ್ಕೆ, ಮೇಡಂ."

ಅದು ಅರ್ಧ ನಿಜ.

ಸರದಿಗಾಗಿ ಕಾದ ನಾಲ್ಕು ತಿಂಗಳೂ ಉಳಿದರ್ಧ ಕೊರೆಯಿತು. ಕನ್ನಡಿಯ ಮುಂದೆ ಮಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹೀಗಿದ್ದರೆ ಹೇಗಿರುತ್ತಿತ್ತು ಎಂದು ಎಷ್ಟು ಸಲ ನೋಡಿಕೊಂಡಿದ್ದೆನೋ. ಕಾಲು ಕಳೆದುಕೊಂಡ ಹುಡುಗರು ಮಲಗುವ ಆಸ್ಪತ್ರೆಯಲ್ಲಿ, ತಿಂದು ಬೆಳೆಸಿದ ಹೊಟ್ಟೆಗೆ ನಾನೊಂದು ಹಾಸಿಗೆ ಹಿಡಿಯುವುದೇ? ಆಪರೇಷನ್ ದಿನ ಕರ್ನಲ್ ಪೆನ್ನಿನಿಂದ ಹೊಟ್ಟೆಯ ಮೇಲೆ ಗೆರೆ ಎಳೆಯುವಾಗ ಹೇಳಿಬಿಟ್ಟೆ. "ಮೇಡಂ, ಚೆನ್ನಾಗಿ ಕಾಣಬೇಕು ಅಂತಲೂ ಆಸೆ ಇತ್ತು."

ಅವರು ಕೈ ನಿಲ್ಲಿಸಲಿಲ್ಲ. "ನಾನು ಬರೆದದ್ದು ಹುಣ್ಣು ನೋಡಿ. ಆಸೆ ಬರೆಯಲು ಫಾರಮ್ಮಿನಲ್ಲಿ ಜಾಗ ಇಲ್ಲ. ಅಲುಗಾಡಬೇಡಿ."

ನಾಲ್ಕು ಕಿಲೋ ಚರ್ಮ ತೆಗೆದರಂತೆ. ಸೊಂಟದ ಈ ತುದಿಯಿಂದ ಆ ತುದಿಗೆ ಹೊಲಿಗೆ, ಒಳಗಿನ ನೀರು ಹರಿದುಹೋಗಲು ಎರಡು ಡ್ರೈನ್ ನಳಿಕೆ. ಹೊಲಿಗೆ ಎಳೆಯಬಾರದೆಂದು ಬಗ್ಗಿಯೇ ನಡೆಯಬೇಕು. ಸಕ್ಕರೆ ಇರುವವರಿಗೆ ಗಾಯ ಬೇಗ ಕೂಡುವುದಿಲ್ಲ ಎಂದು ಮೊದಲೇ ಎಚ್ಚರಿಸಿದ್ದರು. ಒಂಬತ್ತನೆಯ ದಿನ ಎಡಗಡೆ ಹೊಲಿಗೆ ಬಿಟ್ಟುಕೊಂಡಿತು.

ಮತ್ತೆ ಹುಣ್ಣು.

ಮನೆಗೆ ಬಂದ ಮೇಲೂ ಮೂರು ವಾರ ಶಾಹಿನಾಳೇ ಡ್ರೆಸ್ಸಿಂಗ್ ಮಾಡಿದಳು. ಇದಕ್ಕಾಗಿಯೇ ಇಷ್ಟೆಲ್ಲ ಮಾಡಿಸಿಕೊಂಡೆನಾ ಎಂದು ನಾನು ರೇಗುತ್ತಿದ್ದೆ. ಅವಳು ಹೊಸ ಹತ್ತಿಬಟ್ಟೆ ಮಡಚುತ್ತಿದ್ದಳು. ಒಂದು ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚಿದವಳು ಉರ್ದುವಿನಲ್ಲಿ ಮೆಲ್ಲಗೆ, "ಒಣಗಿದೆ," ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ತುಂಬಾ ಹೊತ್ತು ಆಚೆ ಬರಲಿಲ್ಲ.

ಆಪರೇಷನ್ ಆಗಿ ಈಗ ಮೂರು ತಿಂಗಳಾಗಿದೆ. ಹೊಕ್ಕುಳ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ. ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ. ಕೈ ಇನ್ನೂ ಆಗಾಗ ಅಲ್ಲಿಗೆ ಹೋಗಿ ತಡವುತ್ತದೆ. ತೋಳಿನ ಚರ್ಮ ಹಾಗೇ ಜೋಲುತ್ತಿದೆ. ಅದರಲ್ಲಿ ರೋಗವಿಲ್ಲ, ಹಾಗಾಗಿ ಅದಕ್ಕೆ ಆಪರೇಷನ್ನೂ ಇಲ್ಲ. ನಾನೂ ಕೇಳಲಿಲ್ಲ.

ಹೋದ ವಾರ, ಆಪರೇಷನ್ನಿಗೆಂದು ಮುಚ್ಚಿದ್ದ ಅಂಗಡಿಯ ಬಾಗಿಲು ಮತ್ತೆ ತೆಗೆದ ದಿನ, ಎಷ್ಟೋ ಕಾಲದ ಮೇಲೆ ಅರ್ಧ ತೋಳಿನ ಅಂಗಿ ಹಾಕಿಕೊಂಡೆ. ಮಾದಪ್ಪ ಬಂದವನು ನನ್ನ ತೋಳು ನೋಡಿದ. ನಾನು ಅವನ ಮುಖ ನೋಡಿದೆ.

"ಬಿಸ್ಲು ಜಾಸ್ತಿ ಕಣ್ಲಾ," ಅಂದ. "ಅರ್ಧ ತೋಳಿಂದು ಆಕಂಡು ಒಳ್ಳೇದೇ ಮಾಡ್ಬುಟ್ಟೆ."