ಕತ್ತಿಯ ಕೆಳಗಿದ್ದ ಲಾಳ

ನನ್ನ ನೆರೆಮನೆಯ ಪೇಂಟರಜ್ಜನ ಬಲಗೈಯ ಮೂರು ಬೆರಳುಗಳನ್ನು ಮುರಿದವರು ಇಂದಿಗೂ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕೂರುತ್ತಿದ್ದಾರೆ. ಮುರಿದದ್ದನ್ನು ಒಂದಿಡೀ ಊರು ಕಂಡಿದೆ. ಕಾಣದೆ ಉಳಿದದ್ದು ಪೊಲೀಸರ ಕಡತಕ್ಕೆ ಮಾತ್ರ. ಆ ಊರಿನ ಹೆಸರನ್ನೂ ಅಲ್ಲಿನ ಸ್ಮಾರಕ ಸಮಿತಿಯವರ ಹೆಸರುಗಳನ್ನೂ ನನ್ನ ದೂರಿನಲ್ಲಿ ಬರೆದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅಜ್ಜನ ವಿಚಾರ.

ಕಳೆದ ವಾರ ಶಿಕಾರಿಪುರದ ಬಸ್ ನಿಲ್ದಾಣದ ಎದುರು ಯಾರೋ ಅಂಗಡಿಯ ಷಟರಿಗೆ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಲ್ಕು ವರ್ಷಗಳ ಹಿಂದಿನ ಆ ಮಧ್ಯಾಹ್ನ ಕಣ್ಣೆದುರು ನಿಂತಿತು. ಬಾಯಿ ತುಂಬ ರಕ್ತ, ಎದೆಗೊತ್ತಿಕೊಂಡ ಕೈ, ಮುರಿದ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಅಜ್ಜ...

ಅವರು ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಬಣ್ಣದ ಕೆಲಸ ಮಾಡಿದವರು. ಟ್ರಕ್ಕು, ಹೆಲ್ಮೆಟ್ಟುಗಳ ಮೇಲೆ ಆಯಾ ತುಕಡಿಯ ಗುರುತನ್ನು ಬರೆಯುತ್ತಿದ್ದರು. ಹಳೆಯ ಹೆಲ್ಮೆಟ್ಟಿನ ಮೇಲುಬಣ್ಣದ ಅಡಿಯಲ್ಲಿ ಯಾವ ಗುರುತು ಅಡಗಿದೆ ಎಂದು ಓದುವುದನ್ನೂ ಅಲ್ಲಿಯೇ ಕಲಿತಿದ್ದರು. ನಿವೃತ್ತರಾದ ಮೇಲೆ ಶಿಕಾರಿಪುರದಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟರು. ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲ ಅಲ್ಲಿ ಹೋಗಿ ಕೂರುತ್ತಿದ್ದೆ. ಯುದ್ಧಕಾಲದ ಹೆಲ್ಮೆಟ್ಟಿನ ಬಣ್ಣಕ್ಕೆ ಮರಳು ಬೆರೆಸುತ್ತಿದ್ದರಂತೆ, ಬಿಸಿಲಿಗೆ ಮಿಂಚಬಾರದೆಂದು; ಆದ್ದರಿಂದ ಅದು ಬೆರಳಿಗೆ ತರಿತರಿಯಾಗಿ ಸಿಗಬೇಕು. ಗೀರು ಬಿದ್ದಿದ್ದರೆ ಅದು ಗುರುತನ್ನೂ ಸೀಳಿಕೊಂಡು ಹೋಗಿರಬೇಕು. ಗುರುತಿನ ಬಣ್ಣವೇ ಗೀರಿನೊಳಗೆ ಇಳಿದಿದ್ದರೆ ಅದನ್ನು ಆಮೇಲೆ ಬರೆದಿದ್ದಾರೆ ಎಂದು ಅರ್ಥ. ಇದಿಷ್ಟನ್ನು ಅವರು ಯಾವ ಪ್ರಾಧ್ಯಾಪಕರಿಗಿಂತಲೂ ಖಚಿತವಾಗಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಉಡುತಡಿಯಿಂದ ಒಬ್ಬ ವೃದ್ಧೆ ಅಂಗಡಿಗೆ ಬಂದರು. ಅವರ ತಂದೆ ಎರಡನೆಯ ಮಹಾಯುದ್ಧಕ್ಕೆ ಹೋಗಿ ಬರ್ಮಾದಲ್ಲಿ ಸತ್ತಿದ್ದರು. ಹೆಣ ಬರಲಿಲ್ಲ. ಜೊತೆಗಿದ್ದ ಒಬ್ಬ ಸಿಪಾಯಿ, ಹಿಂಬದಿಯಲ್ಲಿ ತೂತು ಬಿದ್ದಿದ್ದ ಹೆಲ್ಮೆಟ್ಟನ್ನು ಮನೆಗೆ ತಂದುಕೊಟ್ಟಿದ್ದ. ಹಿರಿಯರ ಹಬ್ಬದಲ್ಲಿ ತೀರಿಹೋದವರ ಬಟ್ಟೆಯನ್ನಿಟ್ಟು ಎಡೆ ಹಾಕುವಂತೆ ಆ ಮನೆಯವರು ಪ್ರತಿ ವರ್ಷ ಆ ಹೆಲ್ಮೆಟ್ಟನ್ನು ಮಣೆಯ ಮೇಲಿಟ್ಟು, ಹರಳೆಣ್ಣೆಯಲ್ಲಿ ಒರೆಸಿ, ವಿಭೂತಿ ಬಳಿದು ಎಡೆ ಹಾಕುತ್ತಿದ್ದರು. ಒಂದು ವಾರದ ಪ್ರದರ್ಶನಕ್ಕೆಂದು ಸೊರಬದ ಕಡೆಯ ಆ ಸ್ಮಾರಕ ಸಮಿತಿಯವರು ಅದನ್ನು ಒಯ್ದು ವರ್ಷವಾಗಿತ್ತು.

"ಕೇಳಾಕ ಹೋದ್ರೆ, ಅದು ಅಧ್ಯಕ್ಷರ ತಾತಂದಂತೆ ರೀ. ಜೋಡಿ ಕತ್ತಿ ಬರ್ದೈತಿ ಅದ್ರ ಮ್ಯಾಲೆ. ನಮ್ಮಪ್ಪಂದ್ರ ಮ್ಯಾಲೆ ಲಾಳ ಇತ್ತು," ಎಂದರು ಆಕೆ.

"ಲಾಳ ಅಂದ್ರೆ ಸಾಮಾನು ಹೊರೋ ಹೇಸರಗತ್ತೆ ತುಕಡಿ ಕಣಮ್ಮ," ಎಂದರು ಅಜ್ಜ. "ಗುಂಡು ಹಾರ್ಸೋರ ಹೊಟ್ಟೆಗೆ ಹಾಕಿದ್ದು ಅವ್ರೇ."

ಅಂದೇ ಮೂವರೂ ಸೊರಬದ ಬಸ್ಸು ಹತ್ತಿದೆವು. ಸಮಿತಿಯ ಕೊಠಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೆಲ್ಮೆಟ್ಟು ಹೊಸದಾಗಿ ಬಣ್ಣ ಬಳಿದ ಮನೆಯ ಗೇಟಿನ ಹಾಗೆ ಹೊಳೆಯುತ್ತಿತ್ತು. ಕತ್ತಿಯ ಹಿಡಿಯ ಕೆಂಪು ಬಣ್ಣ ತೂತಿನ ಒಳಗಿನ ಅಂಚಿಗೂ ಇಳಿದು ಒಣಗಿತ್ತು. ಅಜ್ಜ ಗಾಜಿಗೆ ಹಣೆ ಹಚ್ಚಿ ನೋಡಿ, ನನ್ನ ಕಡೆ ತಿರುಗಿದರು. "ನೋಡು, ಸತ್ತ ಮೇಲೆ ಕೈಗೆ ಕತ್ತಿ ಕೊಟ್ಟಾರೆ."

ಹಿಂದಿರುಗುವ ಬಸ್ಸಿನಲ್ಲಿ ಆಕೆ ಕೇಳಿದ್ದು ಒಂದೇ ಮಾತು. "ಆ ತೂತು ಬಿದ್ದಾಗ ನಮ್ಮಪ್ಪಗ ಭಾಳ ನೋವಾಗಿರಬೇಕೇನ್ರೀ?"

"ಇಲ್ಲಮ್ಮ. ಗೊತ್ತಾಗೋದ್ರಾಗೆ ಮುಗ್ದಿರ್ತೈತಿ."

ಆಕೆ ಇಳಿದುಹೋದ ಮೇಲೆ ಅಜ್ಜ ನನಗೆ ಬೇರೆಯದನ್ನೇ ಹೇಳಿದರು. ಬಾಂಬಿನ ಚೂರು ಸಣ್ಣದು, ಹಿಂದಿನಿಂದ ಹೊಕ್ಕಿದೆ. ಹೊಟ್ಟೆ ಸೀಳಿದ ಹೇಸರಗತ್ತೆಗಳ ಕಾಲಡಿಯಲ್ಲಿ, ಕೆಸರಿನಲ್ಲಿ ಬಿದ್ದುಕೊಂಡು ಅರ್ಧ ದಿನವಾದರೂ ಬದುಕಿದ್ದಿರಬಹುದು...

ನಾನು ಮಾಡಿದ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಮರುದಿನ ಹೆಲ್ಮೆಟ್ಟಿನ ಅನಾವರಣ ಸಮಾರಂಭವಿತ್ತು. ಸತ್ಯ ಕೈಯಲ್ಲಿದೆ ಎಂಬ ಹುಮ್ಮಸ್ಸಿನಲ್ಲಿ, ಅಜ್ಜನನ್ನು ಕೇಳದೆಯೇ, ಆ ತೂತಿನ ಫೋಟೋವನ್ನೂ ಅವರ ವಿವರಣೆಯನ್ನೂ ಸಂಜೆಯೇ ವಾಟ್ಸಾಪಿನಲ್ಲಿ ಹರಿಯಬಿಟ್ಟೆ. ಸಮಿತಿಯವರು ಸಿದ್ಧರಾಗಲು ಒಂದು ರಾತ್ರಿಯ ಅವಕಾಶವನ್ನು ನಾನೇ ಕೊಟ್ಟೆ.

ಸಭೆಯಲ್ಲಿ ಅಜ್ಜ ವೇದಿಕೆ ಹತ್ತಿ, ಪೆಟ್ಟಿಗೆ ತೆರೆಯಿರಿ ಎಂದು ಕೈಮುಗಿದು ಕೇಳಿದರು. ಅಧ್ಯಕ್ಷರು ಮೈಕಿನಲ್ಲೇ ನಕ್ಕರು. "ಎಂತ ಪೇಂಟ್ರೇ, ಹೆಬ್ಬೆಟ್ಟು ಒತ್ತೋಕೆ ಬಂದ್ರಾ? ಒತ್ತಿ, ಒತ್ತಿ." ಜನ ನಕ್ಕರು. ಪೆಟ್ಟಿಗೆಯನ್ನೂ ತೆರೆದರು.

ಅಜ್ಜ ಹೆಬ್ಬೆರಳಿನ ಉಗುರನ್ನು ಕತ್ತಿಯ ತುದಿಗೆ ಕೊಟ್ಟು ಮೆಲ್ಲಗೆ ಒತ್ತಿದರು. ಎಪ್ಪತ್ತು ಎಂಬತ್ತು ಹಿರಿಯರ ಹಬ್ಬಗಳ ಹರಳೆಣ್ಣೆ ಕುಡಿದಿದ್ದ ಮೈ ಅದು. ಅದರ ಮೇಲೆ ಬಳಿದಿದ್ದ ಎನಾಮಲ್ ಬಣ್ಣ, ಕಾಯಿಸಿದ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದುಬಂತು. ಕೆಳಗೆ ತರಿತರಿಯಾದ ಕಂದು ಬಣ್ಣ, ಹಳದಿ ವೃತ್ತ, ಅದರೊಳಗೆ ಕಪ್ಪು ಲಾಳ. ತೂತು ಆ ಲಾಳವನ್ನು ಸೀಳಿಕೊಂಡು ಹೋಗಿತ್ತು.

ಮುಂದಿನ ಸಾಲಿನಲ್ಲಿದ್ದ ವೃದ್ಧೆ "ಅಪ್ಪಾ" ಎಂದು ಎದ್ದು ನಿಂತದ್ದನ್ನು ಕಂಡೆ. ಅಷ್ಟರಲ್ಲಿ ವೇದಿಕೆಯ ಹಿಂದಿನಿಂದ ಆರು ಜನ ದೊಣ್ಣೆ ಹಿಡಿದು ನುಗ್ಗಿದರು. ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದು ಕಿವಿಯ ಮೇಲೆ. ಕುರ್ಚಿಯನ್ನೆತ್ತಿ ಬೆನ್ನಿಗೆ ಬಡಿದರು, ಅದು ಮುರಿಯಿತು. ಒಬ್ಬ ಅವರ ಬಲಗೈಯನ್ನು ಪೆಟ್ಟಿಗೆಯ ಕಬ್ಬಿಣದ ಕಾಲಿನ ಮೇಲೆ ಒತ್ತಿ ಹಿಡಿದ. ಇನ್ನೊಬ್ಬ ಬಡಿದ. ಒಣಗಿದ ಕಟ್ಟಿಗೆ ಮುರಿದ ಸದ್ದು... ಮೂರು ಸಲ. ಅಡ್ಡ ಹೋದ ನನ್ನನ್ನು ಯಾರೋ ಕೂದಲು ಹಿಡಿದು ಎಳೆದು ಹಾಕಿದರು. ಆ ವೃದ್ಧೆಯನ್ನು ಬಿಟ್ಟರೆ ನೂರಾರು ಜನರಲ್ಲಿ ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.

ರಕ್ತ ಉಗುಳುತ್ತ ಅಜ್ಜ ಅಂದದ್ದು ಇಷ್ಟೇ: "ಹೊಡೀರಿ. ಏನ್ ಬಳದ್ರೂ ಹತ್ತಲ್ಲ ಅದಕ್ಕೆ."

ಆ ಗಲಾಟೆಯಲ್ಲಿ ಹೆಲ್ಮೆಟ್ಟನ್ನು ಸಮಿತಿಯವರು ಒಂದು ಚೀಲಕ್ಕೆ ತುರುಕಿದ್ದನ್ನು ನಾನು ಕಂಡೆ. ಆಮೇಲೆ ಅದನ್ನು ಯಾರೂ ಕಂಡಿಲ್ಲ. ಠಾಣೆಯಲ್ಲಿ ನನ್ನ ಹೇಳಿಕೆಯನ್ನು ಎರಡು ಗಂಟೆ ಕೇಳಿ, ಕೊನೆಗೆ "ವೇದಿಕೆಯಿಂದ ಜಾರಿ ಬಿದ್ದು ಗಾಯ" ಎಂದು ಬರೆದುಕೊಂಡರು. ಅಜ್ಜನ ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಎಡಗೈಯಲ್ಲಿ ಬರೆಯಲು ಕೆಲವು ದಿನ ಪ್ರಯತ್ನಿಸಿದರು. ಅಕ್ಷರ ನಡುಗಿದ ಬೋರ್ಡನ್ನು ತಾವೇ ಅಳಿಸಿ ಗೋಡೆಗೆ ಒರಗಿಸಿಟ್ಟರು. ಏಳನೆಯ ತಿಂಗಳಿಗೆ ತೀರಿಕೊಂಡರು. ಆ ಏಟುಗಳೇ ಕೊಂದವೆಂದು ಹೇಳಲು ನನ್ನ ಬಳಿ ವೈದ್ಯರ ಪುರಾವೆಯಿಲ್ಲ. ಕೆಲಸ ಹೋದ ಮೇಲೆ ಅವರು ಬದುಕಿದ್ದನ್ನು ಕಂಡ ನೆನಪೂ ನನಗಿಲ್ಲ.

ಅವರು ಇನ್ನು ಬರುವುದಿಲ್ಲ. ಬಣ್ಣದ ಕೆಳಗಿನ ಬಣ್ಣವನ್ನು ಬೆರಳಿನಲ್ಲಿ ಓದುವ ಆ ವಿದ್ಯೆಯನ್ನು ನಾನು ಕೇಳಿದ್ದೆ, ಕಲಿಯಲಿಲ್ಲ. ಅದೂ ಅವರೊಂದಿಗೇ ಮಣ್ಣಾಯಿತು.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಲಿಖಿತ ವಿನಂತಿ. ನಾಲ್ಕು ವರ್ಷಗಳ ಹಿಂದಿನ "ಜಾರಿ ಬಿದ್ದು ಗಾಯ" ಎಂಬ ಆ ದಾಖಲೆಯನ್ನು ರದ್ದುಪಡಿಸಿ, ಹಲ್ಲೆಯ ಪ್ರಕರಣವನ್ನು ದಾಖಲಿಸಿಕೊಂಡು, ದೂರಿನಲ್ಲಿ ಹೆಸರಿಸಿದ ಎಲ್ಲರನ್ನೂ ವಿಚಾರಣೆಗೆ ಒಳಪಡಿಸಬೇಕು. ಚೀಲದಲ್ಲಿ ಹೋದ ಹೆಲ್ಮೆಟ್ಟನ್ನು ಹುಡುಕಿ ಅದರ ವಾರಸುದಾರಳಿಗೆ ಒಪ್ಪಿಸಬೇಕು. ಅದನ್ನು ನಾಶ ಮಾಡಿದ್ದರೆ ಯಾರು, ಎಲ್ಲಿ, ಹೇಗೆ ನಾಶ ಮಾಡಿದರೆಂಬುದನ್ನು ಸಹಿ ಮೊಹರಿನೊಂದಿಗೆ ಬರೆದುಕೊಡಬೇಕು. ಉತ್ತರವನ್ನು ನನಗೆ ಕಳುಹಿಸುವ ಅಗತ್ಯವಿಲ್ಲ. ಉಡುತಡಿಯಲ್ಲಿರುವ ಆ ಮಗಳಿಗೆ ಎಂಬತ್ತು ದಾಟಿದೆ. ಆಕೆ ಬದುಕಿರುವಾಗಲೇ ಅದು ಆಕೆಯ ಕೈ ಸೇರಬೇಕು.