ಅರ್ಧ ಗಂಟೆ ಬಾಯಿ ತೊಳೆಯದೆ

ನಮ್ಮ ಸೋದರತ್ತೆ ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಾಳೆ. ಅಲ್ಲಿ ಅವಳಿಗೆ ‘ಸೋಪಕ್ಕ’ ಎಂದು ಹೆಸರು. ಒಂದೊಂದು ಶರ್ಟು ಮುಟ್ಟುವ ಮೊದಲೂ ಕೈ ತೊಳೆಯುತ್ತಿದ್ದಳು. ಬೆರಳಿನ ಸಂದಿ ಬಿರಿದು ಬಿಳಿ ಬಟ್ಟೆಗೆ ರಕ್ತ ತಾಗಿದ ದಿನ ಸೂಪರ್‌ವೈಸರೇ ಅವಳನ್ನು ಆಸ್ಪತ್ರೆಗೆ ಕಳಿಸಿದರು. ಅದು ಅತಿಯಾದ ಮಡಿಯಲ್ಲ, ಗೀಳು ಕಾಯಿಲೆ ಎಂದು ಆಗ ತಿಳಿಯಿತು. ಎರಡು ವರ್ಷ ಮಾತ್ರೆ ನುಂಗಿ, ಡಾಕ್ಟರು ಹೇಳಿಕೊಟ್ಟ ಅಭ್ಯಾಸ ಮಾಡಿ ಕೈಯ ವಿಷಯ ಬಹಳ ಮಟ್ಟಿಗೆ ಸರಿಹೋಗಿದೆ. ಬಾಯಿಯದು ಉಳಿದಿದೆ. ಬಾಯಲ್ಲಿ ಕೊಳೆ ಇದೆ ಅನ್ನಿಸಿದರೆ ಮುಕ್ಕಳಿಸುತ್ತಲೇ ಇರುತ್ತಾಳೆ.

ಈ ಕಾಯಿಲೆ ವಂಶದಲ್ಲಿ ಹೇಗೆ ಇಳಿದುಬರುತ್ತದೆ ಎಂದು ಆ ಆಸ್ಪತ್ರೆಯವರು ಹುಡುಕುತ್ತಿದ್ದಾರೆ. ಅದಕ್ಕೆ ರೋಗಿಯದು, ತಾಯಿಯದು, ತಂದೆಯದು, ಮೂವರ ಉಗುಳೂ ಬೇಕು. ಕಾರಣ ತಿಳಿದರೆ ಮುಂದೆ ಒಳ್ಳೆಯ ಔಷಧಿ ಬರಬಹುದು ಎಂದು ಕೇಳಿ, ಕೊಟ್ಟೇ ಕೊಡುತ್ತೇನೆ ಎಂದು ಅತ್ತೆ ಹಟ ಹಿಡಿದಳು. ಆದರೆ ಕೊಡುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಬಾಯಿ ತೊಳೆಯಬಾರದು. ಎರಡು ಸಲ ಹೋಗಿ ಎರಡು ಸಲವೂ ನಲ್ಲಿಗೆ ಓಡಿದ್ದಳು.

ಮೂರನೆಯ ಸಲ ನರ್ಸಮ್ಮ ಹೇಳಿದರು: “ಇವತ್ತೇ ಕೊನೆ. ನಾಳೆ ಎಲ್ಲರ ಉಗುಳಿನ ಪೆಟ್ಟಿಗೆ ಲ್ಯಾಬಿಗೆ ಹೋಗ್ಬಿಡುತ್ತೆ.”

ಅವಳ ಅಪ್ಪ ಅಮ್ಮ, ಅಂದರೆ ನಮ್ಮ ತಾತ ಅಜ್ಜಿ, ತಮ್ಮದನ್ನು ಕೊಟ್ಟಾಗಿತ್ತು. ಗಡಿಯಾರದ ಎದುರು ಅತ್ತೆ ಕರವಸ್ತ್ರ ಹಿಂಡುತ್ತ ಕೂತಳು.

“ಇದು ನಿಮ್ಮ ಕಡೆಯಿಂದಾನೇ ಬಂದಿರೋದು,” ಎಂದಳು ಅಜ್ಜಿ.

“ನಮ್ಮ ಕಡೆ ಸ್ನಾನ ಮಾಡೋಕೇ ಅಳ್ತಿದ್ರು ಕಣೇ,” ಎಂದರು ತಾತ.

ನರ್ಸಮ್ಮ ನಕ್ಕರು. “ಇದೊಂದೇ ಜೀನ್ ಅಂತ ಬೆರಳು ತೋರ್ಸೋಕಾಗಲ್ಲ ಅಜ್ಜಿ. ಸಣ್ಣಸಣ್ಣವು ತುಂಬಾ ಇರ್ತವೆ, ಎರಡೂ ಕಡೆಯಿಂದ ಬರಬಹುದು. ಬೇರೆ ಕಾರಣಗಳೂ ಇರ್ತವೆ. ಸಾವಿರಾರು ಮನೆಗಳದ್ದು ಸೇರಿಸಿ ನೋಡಿದ್ರೆ ಸ್ವಲ್ಪ ಸುಳಿವು ಸಿಗುತ್ತೆ.”

ಹದಿನೆಂಟನೆಯ ನಿಮಿಷಕ್ಕೆ ಅತ್ತೆ ಎದ್ದುನಿಂತಳು. “ಅಪ್ಪಾ, ಆಗ್ತಿಲ್ಲ. ಒಂದೇ ಒಂದ್ಸಲ ತೊಳ್ಕೊಂಡು ಬರ್ತೀನಿ.”

ತಾತ ಬಸ್ ಡ್ರೈವರ್ ಆಗಿದ್ದವರು. ಅವರು ಅವಳನ್ನು ತಡೆಯಲಿಲ್ಲ, ಬೈಯಲೂ ಇಲ್ಲ.

“ಡಿಪೋದಲ್ಲಿ ನನ್ನನ್ನ ‘ಮತ್ತೊಂದ್ಸಲ’ ಅಂತಾನೇ ಕರೀತಿದ್ರು,” ಎಂದರು. “ಹ್ಯಾಂಡ್‌ಬ್ರೇಕ್ ಹಾಕಿದೀನೋ ಇಲ್ವೋ ಅಂತ ಗೇಟಿಂದ ವಾಪಸ್ ಹೋಗ್ತಿದ್ದೆ. ಹಾಕಿರ್ತಿದ್ದೆ. ಗೇಟಿಗೆ ಬಂದ್ರೆ ಮತ್ತೆ ಅನುಮಾನ. ದಿನಾ ಏಳು ಸಲ, ಎಂಟು ಸಲ.”

ಅಜ್ಜಿ ಬಿಟ್ಟ ಕಣ್ಣು ಬಿಟ್ಟಹಾಗೇ ನೋಡಿದಳು. “ಡ್ಯೂಟಿ ಮುಗಿಯೋದು ತಡ ಅಂತಿದ್ರಲ್ರೀ!”

“ಇನ್ನೇನು ಹೇಳ್ಲಿ? ಹುಚ್ಚ ಅಂದ್ಬಿಡ್ತೀಯ ಅಂತ ಭಯ.”

“ಆಮೇಲೆ ಹೆಂಗೆ ಬಿಟ್ಟೆ ಅಪ್ಪಾ?” ಅತ್ತೆ ಕೇಳಿದಳು.

“ಎಲ್ಲಿ ಬಿಟ್ಟೆ? ರಿಟೈರ್ ಆದೆ. ಬಸ್ಸೇ ಇಲ್ಲ, ಬ್ರೇಕ್ ಎಲ್ಲಿಂದ ನೋಡ್ಲಿ!”

ಅತ್ತೆಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಕಂಡಕ್ಟರ್ ಏನಂತಿದ್ದ, ಮಳೆ ಬಂದ್ರೂ ವಾಪಸ್ ಹೋಗ್ತಿದ್ಯಾ ಎಂದು ಒಂದೊಂದಾಗಿ ಕೇಳಿದಳು. ಕೇಳುವಾಗಲೂ ಅವಳ ಕಣ್ಣು ಬಾಗಿಲಾಚೆಯ ನಲ್ಲಿಯ ಕಡೆ ಹೋಗುತ್ತಿತ್ತು. ಕಾಲು ಮಾತ್ರ ಏಳಲಿಲ್ಲ.

ಅರ್ಧ ಗಂಟೆ ತುಂಬಿದ ಕೂಡಲೇ ನರ್ಸಮ್ಮ ಪುಟ್ಟ ನಳಿಕೆ ಕೊಟ್ಟರು. ನೊರೆ ಲೆಕ್ಕಕ್ಕಿಲ್ಲ, ಗೆರೆಯವರೆಗೆ ತುಂಬಬೇಕು. ತುಂಬಲು ಅತ್ತೆಗೆ ಹತ್ತು ನಿಮಿಷ ಹಿಡಿಯಿತು. ನರ್ಸಮ್ಮ ಮುಚ್ಚಳ ಬಿಗಿದು ಮೂವರ ನಳಿಕೆಗಳನ್ನೂ ಒಂದೇ ಚೀಲಕ್ಕೆ ಹಾಕಿದರು.

“ಕಾರಣ ಗೊತ್ತಾಗೋಕೆ ಎಷ್ಟು ದಿನ ಬೇಕು?” ಅತ್ತೆ ಕೇಳಿದಳು.

“ವರ್ಷಗಳೇ ಬೇಕಮ್ಮ.”

“ಆಗ್ಲಿ ಬಿಡಿ. ನಮ್ಮನೇದೂ ಸೇರ್ತಲ್ಲ.”

ಆಮೇಲೆ ಅವಳು ನಲ್ಲಿಯ ಹತ್ತಿರ ನಿಂತು ತುಂಬ ಹೊತ್ತು ಬಾಯಿ ತೊಳೆದಳು. ಅವತ್ತು ಯಾರೂ “ಸಾಕು ಬಾ” ಎನ್ನಲಿಲ್ಲ.